ಮೊದಲೆರಡು ವರ್ಷದ ಅಂಕ ಕುಸಿದಿದ್ದರೆ: ಅಮೆರಿಕದ ಡೆಂಟಲ್ ಸ್ಕೂಲ್‌ಗೆ ಯಾವ ದಾರಿ ಹಿಡಿಯಬೇಕು?

ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿ ಪದವಿಯ ಮೂರನೆಯ ವರ್ಷದಲ್ಲಿದ್ದಾಗ, ಯುಗಾದಿಯ ಮರುದಿನ ತನ್ನ ಅಂಕಪಟ್ಟಿಯ ಎರಡು ಹಾಳೆಗಳನ್ನು ತಂದು ನಮ್ಮ ಮನೆಯ ಊಟದ ಮೇಜಿನ ಮೇಲೆ ಇಟ್ಟ. ಮೊದಲ ಹಾಳೆಯಲ್ಲಿ ರಸಾಯನಶಾಸ್ತ್ರಕ್ಕೆ ಸಿ, ಜೀವಶಾಸ್ತ್ರಕ್ಕೆ ಸಿ ಪ್ಲಸ್, ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಮತ್ತೆ ಸಿ ಇದ್ದವು. ಎರಡನೆಯ ಹಾಳೆಯಲ್ಲಿ ಬಹುತೇಕ ಎ ಇದ್ದವು. ಮೊದಲ ಹಾಳೆಯ ಮೇಲೆ ಬೆರಳಿಟ್ಟು ಅವನು ಕೇಳಿದ: “ಚಿಕ್ಕಮ್ಮ, ಇದನ್ನು ಅಳಿಸಲಿಕ್ಕೆ ಆಗುವುದೇ ಇಲ್ಲವಾ?”

ಆಗುವುದಿಲ್ಲ. ಆದರೆ ಅಳಿಸಲಾಗದ ಅಂಕಗಳ ಜೊತೆಗೇ, ಇಲ್ಲಿ ಪದವಿಯ ನಂತರ ನಾಲ್ಕು ವರ್ಷ ಓದುವ ಡೆಂಟಲ್ ಸ್ಕೂಲ್ ಸೇರಿದವರು ಪ್ರತಿ ವರ್ಷವೂ ಇದ್ದಾರೆ, ಮತ್ತು ಅವರೆಲ್ಲರೂ ಒಂದೇ ದಾರಿಯಲ್ಲಿ ಹೋದವರಲ್ಲ. ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ, ಇಲ್ಲಿಗೆ ಬಂದು ಮತ್ತೆ ಓದಿ ಪರವಾನಗಿ ಪಡೆದವಳು ನಾನು. ಪರಿಚಿತರ ಮಕ್ಕಳು ಕೇಳಿದಾಗಲೆಲ್ಲ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ. ತಪ್ಪು ದಾರಿ ಹಿಡಿದರೆ ಇಲ್ಲಿ ಒಂದು ವರ್ಷ ಹೋಗುತ್ತದೆ, ಅದರ ಜೊತೆಗೆ ಹತ್ತಾರು ಸಾವಿರ ಡಾಲರ್ ಕೂಡ ಹೋಗುತ್ತದೆ.

ಮೊದಲು ಲೆಕ್ಕ ಹಾಕಿಕೊಳ್ಳಿ

ಅಮೆರಿಕದಲ್ಲಿ ಇಂದು 70ಕ್ಕೂ ಹೆಚ್ಚು ಡೆಂಟಲ್ ಸ್ಕೂಲ್‌ಗಳಿವೆ. ಬಹುತೇಕ ಎಲ್ಲವೂ ಆಡ್ಸಾಸ್ ಎಂಬ ಸಾಮಾನ್ಯ ಅರ್ಜಿ ವ್ಯವಸ್ಥೆಯ ಮೂಲಕವೇ ಅರ್ಜಿ ಪಡೆಯುತ್ತವೆ. ವಿದ್ಯಾರ್ಥಿ ಓದಿದ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯನ್ನೂ ಆಡ್ಸಾಸ್ ತರಿಸಿಕೊಂಡು, ತನ್ನದೇ ಕ್ರಮದಲ್ಲಿ ಜಿಪಿಎ, ಅಂದರೆ 4.0 ಗರಿಷ್ಠವಿರುವ ಸರಾಸರಿ ಅಂಕ, ಲೆಕ್ಕ ಹಾಕುತ್ತದೆ. ಒಟ್ಟು ಜಿಪಿಎ, ವಿಜ್ಞಾನ ವಿಷಯಗಳ ಜಿಪಿಎ, ಜೀವಶಾಸ್ತ್ರ, ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ಮೂರನ್ನೇ ಸೇರಿಸಿದ ಜಿಪಿಎ, ವರ್ಷವಾರು ಜಿಪಿಎ, ಇವೆಲ್ಲ ಬೇರೆ ಬೇರೆಯಾಗಿ ಪ್ರವೇಶ ಸಮಿತಿಯ ಕಣ್ಣ ಮುಂದೆ ಬರುತ್ತವೆ. ಹೆಚ್ಚಿನ ಕುಟುಂಬಗಳು ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆಗೆ ಸಿಲುಕುತ್ತವೆ. ಸಿ ಬಂದ ವಿಷಯವನ್ನು ಮತ್ತೊಮ್ಮೆ ಓದಿ ಎ ಪಡೆದರೆ ಹಲವು ವಿಶ್ವವಿದ್ಯಾಲಯಗಳು ಹಳೆಯ ಅಂಕವನ್ನು ಬಿಟ್ಟು ಹೊಸದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆಡ್ಸಾಸ್ ಹಾಗೆ ಮಾಡುವುದಿಲ್ಲ, ಅದು ಎರಡನ್ನೂ ಸೇರಿಸುತ್ತದೆ. ನಾಲ್ಕು ಕ್ರೆಡಿಟ್‌ಗಳ (ಕ್ರೆಡಿಟ್ ಎಂದರೆ ಕೋರ್ಸಿನ ತೂಕದ ಅಳತೆ) ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಮೊದಲು ಸಿ, ಅಂದರೆ 2.0, ಮರು ಓದಿನಲ್ಲಿ ಎ, ಅಂದರೆ 4.0 ಬಂದರೆ, ವಿಶ್ವವಿದ್ಯಾಲಯದ ಹಾಳೆಯಲ್ಲಿ 4.0 ಕಾಣಬಹುದು, ಆಡ್ಸಾಸ್ ಲೆಕ್ಕದಲ್ಲಿ ಮಾತ್ರ ಎಂಟು ಕ್ರೆಡಿಟ್‌ಗಳಿಗೆ 3.0 ಆಗುತ್ತದೆ.

ಆ ದಿನ ಮೇಜಿನ ಮೇಲೆ ನಾವು ಮಾಡಿದ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಮೊದಲೆರಡು ವರ್ಷಗಳ 60 ಕ್ರೆಡಿಟ್‌ಗಳಲ್ಲಿ ಹುಡುಗನ ಜಿಪಿಎ 2.6, ಮೂರನೆಯ ವರ್ಷದ 30 ಕ್ರೆಡಿಟ್‌ಗಳಲ್ಲಿ 3.7. ಆ ವರ್ಷದ ಜೂನ್‌ನಲ್ಲಿಯೇ ಅರ್ಜಿ ಹಾಕಿದರೆ ಒಟ್ಟು 2.97 ಆಗುತ್ತಿತ್ತು. ನಾಲ್ಕನೆಯ ವರ್ಷವನ್ನೂ 3.7ರಲ್ಲಿ ಮುಗಿಸಿ, ಒಂದು ವರ್ಷ ತಡವಾಗಿ ಅರ್ಜಿ ಹಾಕಿದರೆ 3.15. ವಿಜ್ಞಾನದ ಲೆಕ್ಕ ಇನ್ನೂ ಕಠಿಣವಾಗಿತ್ತು. ಮೊದಲೆರಡು ವರ್ಷಗಳ 32 ವಿಜ್ಞಾನ ಕ್ರೆಡಿಟ್‌ಗಳಲ್ಲಿ 2.4 ಇದ್ದುದರಿಂದ, ನಂತರದ ವರ್ಷಗಳಲ್ಲಿ ತಲಾ 12 ಕ್ರೆಡಿಟ್‌ಗಳಿಗೆ 3.7 ಬಂದರೂ, ಮೂರನೆಯ ವರ್ಷದ ಕೊನೆಗೆ 2.75, ನಾಲ್ಕನೆಯ ವರ್ಷದ ಕೊನೆಗೆ 2.96 ಅಷ್ಟೇ. ಡೆಂಟಲ್ ಸ್ಕೂಲ್ ಸೇರುವವರ ಸರಾಸರಿ ಜಿಪಿಎ ಇತ್ತೀಚಿನ ವರ್ಷಗಳಲ್ಲಿ 3.5ರಿಂದ 3.7ರ ನಡುವೆ ಇದೆ. ಸರಾಸರಿಗಿಂತ ಕೆಳಗಿರುವವರಿಗೂ ಸೀಟು ಸಿಗುತ್ತದೆ ನಿಜ, ಆದರೆ 3.0ರ ಕೆಳಗಿನ ಅರ್ಜಿಯನ್ನು ಪೂರ್ತಿ ಓದುವ ಮೊದಲೇ ಬದಿಗಿಡುವ ಅಪಾಯ ಹೆಚ್ಚು.

ಆದ್ದರಿಂದ ನನ್ನ ಮೊದಲ ಹೋಲಿಕೆ ಈ ವರ್ಷ ಮತ್ತು ಮುಂದಿನ ವರ್ಷದ ನಡುವಿನದು. ಮೂರನೆಯ ವರ್ಷದ ಕೊನೆಗೆ ಅರ್ಜಿ ಹಾಕುವುದೇ ಕ್ರಮ, ಎಲ್ಲ ಗೆಳೆಯರೂ ಹಾಗೆಯೇ ಮಾಡುತ್ತಿದ್ದಾರೆ ಎಂಬ ಒತ್ತಡ ಮಕ್ಕಳ ಮೇಲಿರುತ್ತದೆ. ‘ಒಂದು ಪ್ರಯತ್ನ ಮಾಡಿ ನೋಡೋಣ’ ಎಂದು ತಂದೆತಾಯಿಯೂ ಹೇಳುತ್ತಾರೆ. ಆ ಒಂದು ಪ್ರಯತ್ನಕ್ಕೆ ಮೊದಲ ಕಾಲೇಜಿಗೆ ಸುಮಾರು 260 ಡಾಲರ್, ನಂತರದ ಪ್ರತಿ ಕಾಲೇಜಿಗೂ ನೂರಕ್ಕೂ ಹೆಚ್ಚು ಡಾಲರ್ ಶುಲ್ಕ, ಅದರ ಮೇಲೆ ಕಾಲೇಜುಗಳ ಪ್ರತ್ಯೇಕ ಶುಲ್ಕ ತೆರಬೇಕು. ಅದಕ್ಕಿಂತ ಮುಖ್ಯವಾಗಿ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವಾಗ ಹಿಂದೆ ಅರ್ಜಿ ಹಾಕಿದ್ದುಂಟೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ, ಹಿಂದಿನದಕ್ಕಿಂತ ಈಗ ಏನು ಬದಲಾಗಿದೆ ಎಂದು ಸಮಿತಿ ನೋಡುತ್ತದೆ. ಏರುಮುಖ ಕಾಣುತ್ತಿರುವ ವಿದ್ಯಾರ್ಥಿಗೆ ನಾಲ್ಕನೆಯ ವರ್ಷದ ಅಂಕಗಳೇ ಅತ್ಯಂತ ಬಲವಾದ ಸಾಕ್ಷಿ, ಅವು ಬರುವ ಮೊದಲೇ ಅರ್ಜಿ ಕಳುಹಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಇನ್ನಷ್ಟು ಪದವಿ ಮಟ್ಟದ ಕೋರ್ಸ್‌ಗಳೇ, ಒಂದು ವರ್ಷದ ಮಾಸ್ಟರ್ಸೇ?

ಪದವಿ ಮುಗಿದ ಮೇಲೂ ಅಂಕ ಸಾಲದು ಎನಿಸಿದಾಗ ಎದುರಿಗೆ ಬರುವ ಎರಡು ದೊಡ್ಡ ಆಯ್ಕೆಗಳು ಇವು. ಹೆಚ್ಚಿನವರು ಗೊಂದಲಕ್ಕೆ ಬೀಳುವುದೂ ಇಲ್ಲಿಯೇ.

ಮೊದಲನೆಯದನ್ನು ಇಲ್ಲಿ ಪೋಸ್ಟ್‌ಬ್ಯಾಕ್ ಎನ್ನುತ್ತಾರೆ. ಪದವಿಯ ನಂತರ ಮತ್ತೆ ಪದವಿ ಮಟ್ಟದ ವಿಜ್ಞಾನ ಕೋರ್ಸ್‌ಗಳನ್ನೇ ಓದುವುದು. ಇದಕ್ಕೆ ವ್ಯವಸ್ಥಿತ ಕಾರ್ಯಕ್ರಮಗಳೂ ಇವೆ, ಮನೆಯ ಹತ್ತಿರದ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸ್ವತಃ ಕೋರ್ಸ್ ಆರಿಸಿಕೊಂಡು ಓದಲೂಬಹುದು. ಹಾರ್ವರ್ಡ್ ಎಕ್ಸ್‌ಟೆನ್ಷನ್ ಸ್ಕೂಲ್, ಯುಸಿ ಬರ್ಕ್ಲಿ ಎಕ್ಸ್‌ಟೆನ್ಷನ್ ಮುಂತಾದವು ಕೆಲಸ ಮಾಡುತ್ತಾ ಓದುವವರಿಗೆ ಅನುಕೂಲ. ಇದರ ಬಲವೆಂದರೆ ಇಲ್ಲಿ ಗಳಿಸಿದ ಅಂಕ ಪದವಿಯ ಜಿಪಿಎಗೇ ಸೇರುತ್ತದೆ. ನಮ್ಮ ಹುಡುಗನ ಲೆಕ್ಕಕ್ಕೆ ಬಂದರೆ, ಪದವಿಯ ನಂತರ 24 ವಿಜ್ಞಾನ ಕ್ರೆಡಿಟ್‌ಗಳನ್ನು 3.8ರಲ್ಲಿ ಮುಗಿಸಿದರೆ ಒಟ್ಟು ಜಿಪಿಎ 3.15ರಿಂದ 3.26ಕ್ಕೆ ಮಾತ್ರ ಏರುತ್ತದೆ. ಆದರೆ ವಿಜ್ಞಾನದ ಜಿಪಿಎ 2.96ರಿಂದ 3.21ಕ್ಕೆ ಹೋಗುತ್ತದೆ. ವಿಜ್ಞಾನದ ಕ್ರೆಡಿಟ್‌ಗಳ ಮೊತ್ತ ಚಿಕ್ಕದಿರುವುದರಿಂದ ಅದೇ ದುಡಿಮೆಗೆ ಅಲ್ಲಿ ದುಪ್ಪಟ್ಟಿಗೂ ಮೀರಿದ ಫಲ ಸಿಗುತ್ತದೆ. ಸುಲಭದ ಕೋರ್ಸ್‌ಗಳಲ್ಲಿ ಎ ಗಳಿಸಿ ಒಟ್ಟು ಅಂಕ ಏರಿಸಿಕೊಳ್ಳುತ್ತೇನೆ ಎನ್ನುವವರಿಗೆ ನಾನು ಈ ಎರಡು ಸಂಖ್ಯೆಗಳನ್ನು ತೋರಿಸುತ್ತೇನೆ.

ಯಾವ ಕೋರ್ಸ್ ಎಂಬುದೂ ಎಷ್ಟು ಅಂಕ ಎಂಬಷ್ಟೇ ಮುಖ್ಯ. ಪ್ರವೇಶ ಸಮಿತಿಯ ಮನಸ್ಸಿನಲ್ಲಿರುವ ಅನುಮಾನ ಒಂದೇ: ಅಂಗರಚನಾಶಾಸ್ತ್ರ, ಹಿಸ್ಟಾಲಜಿ (ಅಂಗಾಂಶಗಳ ಅಧ್ಯಯನ), ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಒಟ್ಟಿಗೆ ಬೀಳುವ ಡೆಂಟಲ್ ಸ್ಕೂಲಿನ ಮೊದಲ ವರ್ಷವನ್ನು ಈ ವಿದ್ಯಾರ್ಥಿ ತಡೆದುಕೊಳ್ಳುತ್ತಾನೆಯೇ? ಆ ಅನುಮಾನಕ್ಕೆ ನೇರ ಉತ್ತರ ಕೊಡುವುದು ಇದೇ ಹೆಸರಿನ ಮೇಲ್ಮಟ್ಟದ ಕೋರ್ಸ್‌ಗಳು, ಅದೂ ಒಂದೇ ಸೆಮಿಸ್ಟರ್‌ನಲ್ಲಿ ಮೂರು ನಾಲ್ಕನ್ನು ಒಟ್ಟಿಗೆ ತೆಗೆದುಕೊಂಡಾಗ. ಸೆಮಿಸ್ಟರ್‌ಗೆ ಒಂದರಂತೆ ನಿಧಾನವಾಗಿ ಗಳಿಸಿದ ಎ ಅಂಕಗಳು ಆ ಅನುಮಾನವನ್ನು ಅರ್ಧಕ್ಕೇ ಬಿಡುತ್ತವೆ. ಹಳೆಯ ವಿಷಯವನ್ನು ಮರಳಿ ಓದುವುದು ಡಿ ಅಥವಾ ಅದಕ್ಕಿಂತ ಕೆಳಗಿನ ಅಂಕ ಬಂದಿದ್ದರೆ ಅನಿವಾರ್ಯ, ಏಕೆಂದರೆ ಕಡ್ಡಾಯ ವಿಷಯಗಳಲ್ಲಿ ಅನೇಕ ಕಾಲೇಜುಗಳು ಕನಿಷ್ಠ ಸಿ ಕೇಳುತ್ತವೆ. ಸಿ ಬಂದ ವಿಷಯಕ್ಕಾದರೆ, ಮರು ಓದಿಗಿಂತ ಅದರ ಮೇಲಿನ ಮೆಟ್ಟಿಲಿನ ಕೋರ್ಸ್‌ನಲ್ಲಿ ಎ ಗಳಿಸುವುದು ಲೇಸು. ಆರ್ಗ್ಯಾನಿಕ್‌ನಲ್ಲಿ ಸಿ ಇದ್ದವನು ಬಯೋಕೆಮಿಸ್ಟ್ರಿಯಲ್ಲಿ ಎ ತಂದರೆ, ಅವನು ಆರ್ಗ್ಯಾನಿಕ್ ಕಲಿತುಕೊಂಡಿದ್ದಾನೆ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಎರಡನೆಯ ಆಯ್ಕೆ ಒಂದು ಅಥವಾ ಎರಡು ವರ್ಷದ ಬಯೋಮೆಡಿಕಲ್ ಸೈನ್ಸಸ್ ಮಾಸ್ಟರ್ಸ್. ಬೋಸ್ಟನ್ ವಿಶ್ವವಿದ್ಯಾಲಯ, ಟಫ್ಟ್ಸ್, ರಟ್ಗರ್ಸ್ ಮೊದಲಾದ ಕಡೆ ಇಂಥ ಕಾರ್ಯಕ್ರಮಗಳಿವೆ. ಕೆಲವು ಕಡೆ ವೈದ್ಯಕೀಯ ಅಥವಾ ದಂತವೈದ್ಯಕೀಯದ ಮೊದಲ ವರ್ಷದ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಕುಳಿತು ಅದೇ ಪಾಠ ಕೇಳಿ ಅದೇ ಪರೀಕ್ಷೆ ಬರೆಯಬೇಕಾಗುತ್ತದೆ. ಮೇಲೆ ಹೇಳಿದ ಅನುಮಾನಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ. ಆದರೆ ಇದರ ಮಿತಿಯೂ ಅಷ್ಟೇ ಸ್ಪಷ್ಟವಾಗಿದೆ. ಇಲ್ಲಿನ ಅಂಕ ಸ್ನಾತಕೋತ್ತರ ಜಿಪಿಎ ಎಂದು ಪ್ರತ್ಯೇಕವಾಗಿ ಕಾಣುತ್ತದೆ. ಪದವಿಯ ಜಿಪಿಎ 2.7 ಇದ್ದವರದು ಮಾಸ್ಟರ್ಸ್‌ನಲ್ಲಿ 3.9 ಬಂದ ಮೇಲೂ 2.7 ಆಗಿಯೇ ಉಳಿಯುತ್ತದೆ. ಇನ್ನೊಂದು ಅಪಾಯವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಮಾಸ್ಟರ್ಸ್‌ನಲ್ಲಿಯೂ 3.2 ಬಂದುಬಿಟ್ಟರೆ, ಏರುಮುಖದ ಕಥೆ ಅಲ್ಲಿಗೇ ನಿಲ್ಲುತ್ತದೆ, ಅದರ ನಂತರ ತೋರಿಸಲು ಬೇರೆ ವೇದಿಕೆ ಉಳಿಯುವುದಿಲ್ಲ. ಮೊದಲ ವರ್ಷಗಳಲ್ಲಿ ಅಂಕ ಏಕೆ ಕುಸಿಯಿತು, ಆ ಕಾರಣ ಈಗ ನಿಜವಾಗಿ ಹೋಗಿದೆಯೇ ಎಂಬುದನ್ನು ಖಚಿತ ಮಾಡಿಕೊಳ್ಳದೆ ಮಾಸ್ಟರ್ಸ್‌ಗೆ ಕಾಲಿಡಬಾರದು.

ಹಣದ ಮಾತನ್ನೂ ಇಲ್ಲಿಯೇ ಆಡಬೇಕು. ಡೆಂಟಲ್ ಸ್ಕೂಲ್ ಮುಗಿಸಿದವರ ಸರಾಸರಿ ಶೈಕ್ಷಣಿಕ ಸಾಲ ಸುಮಾರು 3 ಲಕ್ಷ ಡಾಲರ್. 2025ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರಾಡ್ ಪ್ಲಸ್ ಎಂಬ ಒಕ್ಕೂಟ ಸರ್ಕಾರದ ಸಾಲ ಇರುವುದಿಲ್ಲ. ವೃತ್ತಿಪರ ಪದವಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಮಾಸ್ಟರ್ಸ್‌ನಂಥ ಓದಿಗೆ ವರ್ಷಕ್ಕೆ 20,500 ಡಾಲರ್ ಮಿತಿ. ಖಾಸಗಿ ಡೆಂಟಲ್ ಸ್ಕೂಲ್‌ಗಳ ನಾಲ್ಕು ವರ್ಷದ ವೆಚ್ಚ ಈ ಮಿತಿಯನ್ನು ಎಷ್ಟೋ ಮೀರುತ್ತದೆ, ಉಳಿದದ್ದನ್ನು ಖಾಸಗಿ ಸಾಲದಿಂದಲೋ ಮನೆಯಿಂದಲೋ ತರಬೇಕು. ಹೀಗಿರುವಾಗ, ಅದಕ್ಕೂ ಮೊದಲೇ ಒಂದು ವರ್ಷದ ದುಬಾರಿ ಮಾಸ್ಟರ್ಸ್‌ಗೆ ಸಾಲ ಮಾಡುವುದು ಮುಂಚಿನ ದಿನಗಳಿಗಿಂತ ಹೆಚ್ಚು ಭಾರವಾದ ನಿರ್ಧಾರ.

ನನ್ನ ಅಭಿಪ್ರಾಯ ಹೀಗಿದೆ. ಪದವಿಯ ಜಿಪಿಎ 2.9ರಿಂದ 3.3ರ ನಡುವೆ ಇದ್ದು, ಕೊನೆಯ ವರ್ಷಗಳ ಅಂಕ ಚೆನ್ನಾಗಿದ್ದರೆ, ಮನೆಯ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಮೇಲ್ಮಟ್ಟದ ವಿಜ್ಞಾನ ಕೋರ್ಸ್‌ಗಳೇ ಸಾಕು, ಅದೇ ಅಗ್ಗ, ಅದೇ ಸೂಕ್ತ. ಕ್ರೆಡಿಟ್‌ಗಳು 150 ದಾಟಿ, ಇನ್ನೆಷ್ಟು ಓದಿದರೂ ಪದವಿಯ ಸಂಖ್ಯೆ ಅಲುಗಾಡದ ಹಂತ ತಲುಪಿದವರಿಗೆ ಮಾತ್ರ ಮಾಸ್ಟರ್ಸ್ ಅರ್ಥಪೂರ್ಣ. ಅಂಥವರೂ, ತಾವು ಅರ್ಜಿ ಹಾಕಲಿರುವ ಡೆಂಟಲ್ ಸ್ಕೂಲ್ ಯಾವ ವಿಶ್ವವಿದ್ಯಾಲಯದ ಅಂಗವೋ ಅಲ್ಲಿಯೇ ಮಾಸ್ಟರ್ಸ್ ಇದ್ದರೆ ಅದನ್ನು ಮೊದಲು ನೋಡಲಿ.

ಇಲ್ಲಿ ಒಂದು ಮುಖ್ಯ ಅಪವಾದವಿದೆ, ಅದು ನಮ್ಮವರ ಅನೇಕ ಮನೆಗಳಿಗೆ ಅನ್ವಯಿಸುತ್ತದೆ. ತಂದೆ ಅಥವಾ ತಾಯಿಯ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಎಚ್-4 ಅವಲಂಬಿತರಾಗಿ ಬೆಳೆದ ಮಕ್ಕಳು 21 ತುಂಬಿದ ಮೇಲೆ ಆ ಆಶ್ರಯ ಕಳೆದುಕೊಂಡು, ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗುತ್ತಾರೆ. ಎಫ್-1 ಇರುವವರು ಪೂರ್ಣಾವಧಿಗೆ ಓದುತ್ತಿರಲೇಬೇಕು, ಅಲ್ಲೊಂದು ಇಲ್ಲೊಂದು ಕೋರ್ಸ್ ತೆಗೆದುಕೊಂಡು ಒಂದು ವರ್ಷ ಕಳೆಯುವಂತಿಲ್ಲ. ಒಕ್ಕೂಟ ಸರ್ಕಾರದ ಸಾಲವೂ ಅವರಿಗಿಲ್ಲ. ಎಲ್ಲ ಡೆಂಟಲ್ ಸ್ಕೂಲ್‌ಗಳೂ ಅಂಥವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಗ್ರೀನ್ ಕಾರ್ಡ್ ಇರುವ ನೆರೆಮನೆಯ ಹುಡುಗನಿಗೆ ಸರಿಯಾದ ದಾರಿ ಎಚ್-4 ಹುಡುಗಿಗೆ ಸರಿಯಾಗದಿರಬಹುದು. ಅಂಕ ಒಂದೇ ಇದ್ದರೂ ಅವಳಿಗೆ ಪೂರ್ಣಾವಧಿಯ ಮಾಸ್ಟರ್ಸ್ ಹೆಚ್ಚು ಹೊಂದುತ್ತದೆ. ಕಾಲೇಜುಗಳ ಪಟ್ಟಿ ಮಾಡುವ ಮೊದಲೇ, ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಪ್ರತಿ ಕಾಲೇಜಿಗೂ ಬರೆದು ಕೇಳಿಕೊಳ್ಳಬೇಕು.

ಡಿಎಟಿ ಪರೀಕ್ಷೆ ಎಷ್ಟು ತುಂಬಿಕೊಡುತ್ತದೆ?

ಡೆಂಟಲ್ ಸ್ಕೂಲ್ ಪ್ರವೇಶಕ್ಕೆ ಬರೆಯುವ ಡಿಎಟಿಯಲ್ಲಿ ವಿಜ್ಞಾನದ 100 ಪ್ರಶ್ನೆಗಳು, ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸಿ ಗುರುತಿಸುವ ಸಾಮರ್ಥ್ಯದ 90 ಪ್ರಶ್ನೆಗಳು, ಓದಿ ಅರ್ಥ ಮಾಡಿಕೊಳ್ಳುವ 50 ಹಾಗೂ ಗಣಿತದ 40 ಪ್ರಶ್ನೆಗಳಿರುತ್ತವೆ. 1ರಿಂದ 30ರವರೆಗಿದ್ದ ಹಳೆಯ ಅಂಕಮಾನ 2025ರ ಮಾರ್ಚ್‌ನಿಂದ 200ರಿಂದ 600ಕ್ಕೆ ಬದಲಾಗಿದೆ, ಅಣ್ಣಂದಿರ ಕಾಲದ ಅಂಕದೊಂದಿಗೆ ನೇರವಾಗಿ ಹೋಲಿಸಬೇಡಿ. ಅಂಕ ಕಡಿಮೆ ಇರುವವರು ಡಿಎಟಿಯನ್ನೇ ನೆಚ್ಚಿಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ. ಮೂರು ತಿಂಗಳ ಓದು ನಾಲ್ಕು ವರ್ಷದ ಹಾಳೆಯನ್ನು ಸರಿದೂಗಿಸುವುದಿಲ್ಲ. ಮೊದಲೆರಡು ವರ್ಷ ಕುಸಿದು, ನಂತರ ಏರಿ, ಅದರ ಮೇಲೆ ಒಳ್ಳೆಯ ಡಿಎಟಿ ಬಂದರೆ ಅದು ಏರಿಕೆಯನ್ನು ದೃಢಪಡಿಸುತ್ತದೆ. ಏರಿಕೆಯೇ ಇಲ್ಲದೆ ಡಿಎಟಿ ಮಾತ್ರ ಚೆನ್ನಾಗಿದ್ದರೆ, ಬುದ್ಧಿ ಇದ್ದೂ ಓದಲಿಲ್ಲ ಎಂಬ ಅರ್ಥವೂ ಅದಕ್ಕೆ ಬರಬಹುದು.

ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ ಅನುಭವಕ್ಕೂ ಇದೇ ಮಾತು ಸಲ್ಲುತ್ತದೆ. ಆದರೂ, ಅಂಕಕ್ಕೆ ಬದಲಾಗಿ ಅಲ್ಲದೆ, ಅದರದೇ ಬೆಲೆಯಿಂದ, ಡೆಂಟಲ್ ಅಸಿಸ್ಟೆಂಟ್ ಆಗಿ ದುಡಿದ ಒಂದು ವರ್ಷವನ್ನು ನಾನು ಬಹಳ ಮೆಚ್ಚುತ್ತೇನೆ. ಸಕ್ಷನ್ ಹಿಡಿದು ನಿಂತು, ಹಲ್ಲು ಕೀಳಿಸಿಕೊಳ್ಳುವ ಮೊದಲು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದವರ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದವರಿಗೆ ಸಂದರ್ಶನದಲ್ಲಿ ಹೇಳಲು ತಮ್ಮದೇ ಮಾತಿರುತ್ತದೆ.

ಟೆಕ್ಸಸ್‌ನ ದಾರಿ, ಊರಿನ ದಾರಿ

ಟೆಕ್ಸಸ್‌ನಲ್ಲಿ ನೆಲೆಸಿದವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಅವಕಾಶವಿದೆ. ಅಲ್ಲಿನ ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ಎಂಬ ಕಾನೂನಿನಂತೆ, 10 ವರ್ಷ ಅಥವಾ ಅದಕ್ಕಿಂತ ಹಳೆಯ ಕಾಲೇಜು ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳನ್ನು ಕೋರಬಹುದು. ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಡಾಲಸ್ ಮತ್ತು ಎಲ್ ಪಾಸೊಗಳ ಸಾರ್ವಜನಿಕ ಡೆಂಟಲ್ ಸ್ಕೂಲ್‌ಗಳು ಬಳಸುವ ಟೆಕ್ಸಸ್‌ನದೇ ಅರ್ಜಿ ವ್ಯವಸ್ಥೆಯೂ ಇದನ್ನು ಒಪ್ಪುತ್ತದೆ. ಆದರೆ ಆ ಅವಧಿಯ ಕೆಟ್ಟ ಅಂಕದ ಜೊತೆಗೆ ಒಳ್ಳೆಯ ಅಂಕ, ಕಡ್ಡಾಯ ವಿಷಯ, ಪದವಿ ಎಲ್ಲವನ್ನೂ ಬಿಟ್ಟುಕೊಡಬೇಕು. ಇಪ್ಪತ್ತರ ಹರೆಯದ ಹುಡುಗರಿಗೆ ಇದರಿಂದ ಉಪಯೋಗವಿಲ್ಲ. ಮಕ್ಕಳನ್ನು ಬೆಳೆಸಿ, ಮೂವತ್ತೈದರ ನಂತರ ಹಳೆಯ ಕನಸಿಗೆ ಮರಳುವ ತಾಯಂದಿರಿಗೆ ಇದು ದೊಡ್ಡ ಬಾಗಿಲು.

ಇನ್ನು ಊರಿಗೆ ಹೋಗಿ ಬಿಡಿಎಸ್ ಮಾಡಿಸುವ ಮಾತು. ಅಂಕ ಕುಸಿದ ಮಕ್ಕಳ ಮನೆಯಲ್ಲಿ ಒಮ್ಮೆಯಾದರೂ ಈ ಮಾತು ಬಂದೇ ಬರುತ್ತದೆ. ಮಣಿಪಾಲಕ್ಕೋ ಮಂಗಳೂರಿಗೋ ಕಳುಹಿಸೋಣ, ಮುಗಿಸಿಕೊಂಡು ಬರಲಿ ಎನ್ನುತ್ತಾರೆ. ಅಲ್ಲಿನ ಕಲಿಕೆಯ ಬಗ್ಗೆ ನನಗೆ ತುಂಬು ಗೌರವವಿದೆ, ನನ್ನ ಕೈ ಪಳಗಿದ್ದು ಅಲ್ಲಿಯೇ. ಆದರೆ ಅಮೆರಿಕದಲ್ಲಿ ದಂತವೈದ್ಯರಾಗುವ ಅಡ್ಡದಾರಿಯಾಗಿ ಅದನ್ನು ನೋಡುವುದು ತಪ್ಪು ಲೆಕ್ಕ. ಬಿಡಿಎಸ್‌ಗೆ ನೀಟ್ ಬರೆದು ಅರ್ಹತೆ ಪಡೆಯಲೇಬೇಕು, ಎನ್‌ಆರ್‌ಐ ಸೀಟಿಗೂ ಅದರಿಂದ ವಿನಾಯಿತಿ ಇಲ್ಲ. 2021ರ ಮಾರ್ಚ್‌ನ ಅಧಿಸೂಚನೆಯ ನಂತರ ಒಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರ ಕಾರ್ಡ್) ಪಡೆದವರಿಗೆ ಎನ್‌ಆರ್‌ಐ ಸೀಟುಗಳಷ್ಟೇ ಲಭ್ಯ. ಇಂಟರ್ನ್‌ಶಿಪ್ ಸೇರಿ ಐದು ವರ್ಷ ಅಲ್ಲಿ ಕಳೆಯುತ್ತದೆ. ಮರಳಿ ಬಂದ ಮೇಲೆ, ಭಾರತದ ಪದವಿಯಿಂದ ಹೆಚ್ಚಿನ ರಾಜ್ಯಗಳಲ್ಲಿ ನೇರವಾಗಿ ಪರವಾನಗಿ ಸಿಗದ ಕಾರಣ, ಇಲ್ಲಿನ ದಂತವೈದ್ಯ ಪರವಾನಗಿಗೆ ಬೇಕಾದ ಐಎನ್‌ಬಿಡಿಇ ಪರೀಕ್ಷೆ ಪಾಸಾಗಿ, ವಿದೇಶಿ ದಂತವೈದ್ಯರಿಗಾಗಿ ಇರುವ ಎರಡರಿಂದ ಮೂರು ವರ್ಷದ ಕಾರ್ಯಕ್ರಮಕ್ಕೆ ಮತ್ತೆ ಸ್ಪರ್ಧಿಸಬೇಕು. ಆ ಸೀಟುಗಳು ಕಡಿಮೆ, ಶುಲ್ಕ ವಿಪರೀತ. ನಾನು ಆ ಸಂದರ್ಶನಗಳಲ್ಲಿ ಮೇಣದ ತುಂಡನ್ನು ಹಲ್ಲಿನ ಆಕಾರಕ್ಕೆ ಕೆತ್ತಿ ತೋರಿಸಿದ್ದೇನೆ. ಆಗಲೇ ಊರಿನಲ್ಲಿ ನಾಲ್ಕು ವರ್ಷ ರೋಗಿಗಳನ್ನು ನೋಡಿದ್ದವಳು. ಬಿಡಿಎಸ್ ಮತ್ತು ಇಲ್ಲಿನ ಕಾರ್ಯಕ್ರಮ ಸೇರಿ ಒಟ್ಟು ಏಳೆಂಟು ವರ್ಷವಾಗುತ್ತದೆ. ಇಲ್ಲಿಯೇ ಒಂದು ವರ್ಷ ಹೆಚ್ಚು ಓದಿ, ನಾಲ್ಕು ವರ್ಷದ ಡೆಂಟಲ್ ಸ್ಕೂಲ್ ಮುಗಿಸುವುದಕ್ಕೆ ಐದು ವರ್ಷ. ಭಾರತದಲ್ಲಿಯೇ ವೃತ್ತಿ ನಡೆಸುವ ಮನಸ್ಸಿದ್ದರೆ ಸಂತೋಷದಿಂದ ಹೋಗಲಿ. ಬೇರೆ ಯಾವ ಕಾರಣಕ್ಕೂ ಬೇಡ.

ಅರ್ಜಿಯಲ್ಲಿ ಈ ಅಂಕಗಳ ಬಗ್ಗೆ ಏನು ಬರೆಯಬೇಕು

ಯಾವ ದಾರಿ ಹಿಡಿದರೂ ಅರ್ಜಿ ಬೇಗ ಹೋಗಬೇಕು. ಆಡ್ಸಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ, ಜೂನ್ ಹೊತ್ತಿಗೆ ಸಲ್ಲಿಕೆ ಆರಂಭವಾಗುತ್ತದೆ. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೆ ಓದುತ್ತಾ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ. ಅಂಕ ಕಡಿಮೆ ಇರುವವರು ಅಕ್ಟೋಬರ್‌ನಲ್ಲಿ ಕಳುಹಿಸಿದರೆ ಅಷ್ಟರಲ್ಲಿ ಸಂದರ್ಶನದ ಜಾಗಗಳು ಬಹಳಷ್ಟು ತುಂಬಿರುತ್ತವೆ. ಪಟ್ಟಿಯಲ್ಲಿ ತಮ್ಮ ರಾಜ್ಯದ ಸಾರ್ವಜನಿಕ ಕಾಲೇಜು ಮೊದಲಿರಲಿ, ಅಲ್ಲಿ ನಿವಾಸಿಗಳಿಗೆ ಆದ್ಯತೆಯೂ ಇದೆ, ಶುಲ್ಕವೂ ಕಡಿಮೆ.

ವೈಯಕ್ತಿಕ ಪ್ರಬಂಧಕ್ಕೆ ಇರುವುದು 4,500 ಅಕ್ಷರಗಳ ಜಾಗ. ಹುಡುಗ ಬರೆದ ಮೊದಲ ಕರಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆ ಎರಡು ವರ್ಷಗಳ ವಿವರಣೆಯೇ ಆಗಿತ್ತು. ಹಾಸ್ಟೆಲ್‌ನ ಗದ್ದಲ, 300 ಜನರ ತರಗತಿ, ಅಪ್ಪನ ಕೆಲಸ ಹೋದದ್ದು, ರಾತ್ರಿ ಪಾಳಿಯ ಅಂಗಡಿ ಕೆಲಸ. ಎಲ್ಲವೂ ನಿಜವೇ. ಆದರೆ ಓದುವವರಿಗೆ ಬೇಕಾದದ್ದು ಏನಾಯಿತು ಎಂಬುದರ ಒಂದು ಸಾಲು, ಏನು ಬದಲಾಯಿಸಿಕೊಂಡೆ ಎಂಬುದರ ಎರಡು ಸಾಲು, ಅದರ ಫಲ ಅಂಕಪಟ್ಟಿಯ ಯಾವ ಭಾಗದಲ್ಲಿ ಕಾಣುತ್ತದೆ ಎಂಬುದರ ಒಂದು ಸಾಲು. ಶಿಫಾರಸು ಪತ್ರವನ್ನು, ಸಿ ಕೊಟ್ಟ ಅಧ್ಯಾಪಕರ ವಿಭಾಗದಲ್ಲಿಯೇ ನಂತರ ಎ ಕೊಟ್ಟ ಇನ್ನೊಬ್ಬ ಅಧ್ಯಾಪಕರಿಂದ ಬರೆಸಿದರೆ ಅದಕ್ಕೆ ವಿಶೇಷ ತೂಕ ಬರುತ್ತದೆ.

ಅವನು ಆ ವರ್ಷ ಅರ್ಜಿ ಹಾಕಲಿಲ್ಲ. ಪದವಿ ಮುಗಿಸಿ, ಈಗ ಹಿಸ್ಟಾಲಜಿ, ಫಿಸಿಯಾಲಜಿ ಮತ್ತು ಮೈಕ್ರೋಬಯಾಲಜಿಯನ್ನು ಒಂದೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದಾನೆ, ಶನಿವಾರ ಒಂದು ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಿದ್ದಾನೆ. ಪ್ರಬಂಧದ ಆರನೆಯ ಕರಡು ಕಳೆದ ವಾರ ನನಗೆ ಬಂತು. ಮೊದಲ ವರ್ಷಗಳ ಬಗ್ಗೆ ಅದರಲ್ಲಿರುವುದು ಇಷ್ಟೇ: “ಮೊದಲ ಎರಡು ವರ್ಷ ನಾನು ಸಹಾಯ ಕೇಳಲಿಲ್ಲ. ಮೂರನೆಯ ವರ್ಷದಿಂದ ಪ್ರತಿ ವಾರ ಅಧ್ಯಾಪಕರ ಕೊಠಡಿಗೆ ಹೋಗಿ ಅರ್ಥವಾಗದ್ದನ್ನು ಕೇಳಿದೆ. ನನ್ನ ಅಂಕಪಟ್ಟಿಯ ಎರಡನೆಯ ಹಾಳೆ ಆ ವಾರಗಳದ್ದು.”